ಕೂಸಿನ ತೂಕ ಏರುತ್ತಿಲ್ಲ, ಯಾವ ಟಾನಿಕ್ ಕೊಡಲಿ?

ಪ್ರಶ್ನೆ: ಮೇಡಂ, ನಮ್ಮದು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಹಳ್ಳಿ. ಮಗಳಿಗೆ ಈಗ 14 ತಿಂಗಳು, ತೂಕ 7 ಕೆಜಿ 200 ಗ್ರಾಂ. ಮೂರು ತಿಂಗಳಿಂದ ಹೆಚ್ಚುಕಡಿಮೆ ಅಷ್ಟೇ ಇದೆ. ಅಂಗನವಾಡಿ ಟೀಚರ್ ತೂಕದ ಚಾರ್ಟಿನಲ್ಲಿ ಹಳದಿ ಗೆರೆಗೆ ಬಂದಿದೆ ಅಂದರು. ನಾನು ಹತ್ತಿ ಬಿಡಿಸಲು ಹೋಗುತ್ತೇನೆ. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಮನೆಯವರು ಪುಣೆಯಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ. ಕೂಸನ್ನು ಅತ್ತೆ ನೋಡಿಕೊಳ್ಳುತ್ತಾರೆ. ಗಂಜಿ, ಬೇಳೆ ನೀರು, ಚಹಾ ಬಿಸ್ಕೀಟು ಕೊಡುತ್ತಾರೆ. ಮೊಟ್ಟೆ ಉಷ್ಣ ಅಂತ ಕೊಡುವುದಿಲ್ಲ. ಔಷಧಿ ಅಂಗಡಿಯಲ್ಲಿ 400 ರೂಪಾಯಿಯ ಪೌಡರ್ ಡಬ್ಬಿ ಕೊಟ್ಟಿದ್ದಾರೆ, ಮುಗಿಯುತ್ತಾ ಬಂತು. ನನಗೂ ರಕ್ತ (ಹಿಮೋಗ್ಲೋಬಿನ್) 8.6 ಇದೆ. ಕಬ್ಬಿಣದ ಗುಳಿಗೆ ತಿಂದರೆ ಹೊಟ್ಟೆ ಉರಿಯುತ್ತದೆ, ಬಿಟ್ಟೆ. ನಿನ್ನ ಹಾಲಿನಲ್ಲಿ ಸತ್ವ ಇಲ್ಲ, ಬಿಡಿಸು ಅಂತ ಎಲ್ಲರೂ ಹೇಳುತ್ತಾರೆ. ಯಾವ ಟಾನಿಕ್ ಕೊಟ್ಟರೆ ತೂಕ ಬರುತ್ತದೆ? ಹಾಲು ಬಿಡಿಸಲೇ?

ಉತ್ತರ: ತಂಗಿ, ಮೊದಲು ಹಾಲಿನ ವಿಷಯ. ಬಿಡಿಸಬೇಡಿ. ಯಾರು ಏನೇ ಹೇಳಲಿ, ಕೂಸಿಗೆ ಎರಡು ವರ್ಷ ತುಂಬುವ ತನಕ ಹಾಲು ಕೊಡಿ. ತಾಯಿಗೆ ರಕ್ತ ಕಡಿಮೆ ಇದ್ದ ಮಾತ್ರಕ್ಕೆ ಅವಳ ಹಾಲು ನೀರಾಗುವುದಿಲ್ಲ. ತಾಯಿಯ ಮೈ ತನಗೆ ಕಡಿಮೆ ಮಾಡಿಕೊಂಡಾದರೂ ಹಾಲಿಗೆ ಬೇಕಾದ್ದನ್ನು ಹಾಕುತ್ತದೆ. ಸೊರಗುವವರು ನೀವು, ಹಾಲಲ್ಲ. ಹಾಗಾಗಿ ನಿಮ್ಮ ಊಟದ ಬಗ್ಗೆಯೂ ಕೆಳಗೆ ಉದ್ದವಾಗಿ ಬರೆಯುತ್ತೇನೆ, ಅದನ್ನು ಬಿಟ್ಟು ಓದಬೇಡಿ.

ಆದರೆ ಆರು ತಿಂಗಳು ದಾಟಿದ ಮೇಲೆ ಬರೀ ಹಾಲು ಸಾಕಾಗುವುದಿಲ್ಲ. ಒಂದು ವರ್ಷ ದಾಟಿದ ಕೂಸಿಗೆ ತಾಯಿ ಹಾಲಿನ ಜೊತೆ ಹೊರಗಿನ ಊಟದಿಂದಲೇ ದಿನಕ್ಕೆ ಸುಮಾರು 550 ಕ್ಯಾಲೊರಿ ಬೇಕು. ನಿಮ್ಮ ಮಗಳಿಗೆ ಅಷ್ಟು ಸಿಗುತ್ತಿಲ್ಲ. ಮನೆಯಲ್ಲಿ ಊಟ ಇಲ್ಲ ಅಂತಲ್ಲ, ಯಾರೂ ಕಾಳಜಿ ಮಾಡುತ್ತಿಲ್ಲ ಅಂತಲೂ ಅಲ್ಲ. ಕೊಡುತ್ತಿರುವುದು ತೆಳು ಇದೆ, ಮತ್ತು ಎರಡು ಊಟಗಳ ನಡುವೆ ಬಹಳ ಹೊತ್ತು ಹೋಗುತ್ತಿದೆ. ನೀವು ಬರೆದದ್ದು ಓದಿದರೆ ನನಗೆ ಕಾಣುವುದು ಇಷ್ಟೇ. ಇದಕ್ಕೆ ಟಾನಿಕ್ ಔಷಧಿಯಲ್ಲ.

ಲೆಕ್ಕ ಹೇಳುತ್ತೇನೆ ನೋಡಿ. ಏಳು ಕೆಜಿ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿಲಿ, ಅಂದರೆ ಒಂದು ಸಣ್ಣ ಬಟ್ಟಲು. ಆ ಬಟ್ಟಲಿನ ತುಂಬ ಬೇಳೆ ನೀರು ಹೋದರೆ ಹೊಟ್ಟೆ ತುಂಬಿತು, ಕೂಸು ಬಾಯಿ ತಿರುಗಿಸಿತು, ಅಜ್ಜಿಗೆ ಸಮಾಧಾನವಾಯಿತು. ಆದರೆ ಬೇಳೆ ಗಡಿಗೆಯ ತಳದಲ್ಲೇ ಉಳಿಯಿತಲ್ಲ? ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಆ ಸೀಮೆಯ ಬೆಳೆ ಅನ್ನುವ ಸರ್ಕಾರಿ ಗುರುತು) ಬಂತು, ದೇಶಕ್ಕೆಲ್ಲ ಬೇಳೆ ಕಳಿಸುವ ಸೀಮೆ ನಮ್ಮದು, ನಮ್ಮ ಕೂಸುಗಳಿಗೆ ಮಾತ್ರ ಮೇಲಿನ ತಿಳಿ ನೀರು. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೂರು ಗ್ರಾಂ ತೊಗರಿ ಬೇಳೆಯಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ, ಅದು ಇರುವುದು ಬೇಳೆಯಲ್ಲಿ. ಕಟ್ಟಿನಲ್ಲಿ ರುಚಿ ಇದೆ, ಉಪ್ಪಿದೆ, ಅಷ್ಟೇ.

ಗಂಜಿಯೂ ಹಾಗೇ. ಚಮಚ ಓರೆ ಮಾಡಿದರೆ ಸುರಿದು ಹೋಗುವ ಗಂಜಿ ಈ ವಯಸ್ಸಿಗೆ ಬೇಡ. ಚಮಚದ ಮೇಲೆ ನಿಲ್ಲುವಷ್ಟು ಗಟ್ಟಿ ಇರಬೇಕು.

ಇನ್ನು ಚಹಾ. ಕೂಸಿಗೆ ಚಹಾ ಇವತ್ತೇ ನಿಲ್ಲಿಸಿ. ನಾಳೆ ಅಲ್ಲ. ಅದು ಹಸಿವು ಕೊಲ್ಲುತ್ತದೆ, ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಬಿಸ್ಕೀಟು ಅಂದರೆ ಮೈದಾ, ಸಕ್ಕರೆ, ಎಣ್ಣೆ. ಅತ್ತೆಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಹನ್ನೊಂದು ಗಂಟೆ ಹೊತ್ತು ಒಂದು ಕೂಸನ್ನು ಎತ್ತಿಕೊಂಡು, ಮನೆಯ ಕೆಲಸವನ್ನೂ ಮಾಡಿಕೊಂಡು ಇರುವ ವಯಸ್ಸಾದ ಜೀವ ಅದು. ಅಳುವ ಕೂಸಿನ ಕೈಗೆ ಬಿಸ್ಕೀಟು ಕೊಟ್ಟರೆ ಸುಮ್ನಾಗುತ್ತದೆ, ಅದಕ್ಕೇ ಕೊಡುತ್ತಾರೆ. ಬಿಸ್ಕೀಟಿನಷ್ಟೇ ಸುಲಭವಾದ ಇನ್ನೊಂದನ್ನು ನೀವು ಅವರ ಕೈಗೆ ಸಿಗುವಂತೆ ಇಟ್ಟು ಹೋಗಬೇಕು. ಬುದ್ಧಿ ಹೇಳಿದರೆ ಆಗುವ ಕೆಲಸ ಅಲ್ಲ ಇದು.

ಹಾಗಾದರೆ ಏನು ಇಡಬೇಕು? ನಮ್ಮ ಬಿಸಿಲಿಗೆ ಬೆಳಿಗ್ಗೆ ಮಾಡಿದ ಅನ್ನ, ಬೇಳೆ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಹಳಸಿದ್ದು ತಿಂದು ಭೇದಿ ಹತ್ತಿದರೆ ತಿಂಗಳ ತೂಕ ಮೂರು ದಿನದಲ್ಲಿ ಹೋಗುತ್ತದೆ. ಅದಕ್ಕೆ ಹುರಿದ ಹಿಟ್ಟು ಮಾಡಿಡಿ. ಗೋಧಿ ಅಥವಾ ಜೋಳ ಎರಡು ಪಾಲು, ಪುಟಾಣಿ ಅಥವಾ ಹೆಸರು ಬೇಳೆ ಒಂದು ಪಾಲು, ಶೇಂಗಾ ಅರ್ಧ ಪಾಲು. ಗೋಧಿ, ಜೋಳ, ಹೆಸರು ಬೇಳೆ, ಶೇಂಗಾ ಎಲ್ಲವನ್ನೂ ಬೇರೆ ಬೇರೆ ಹುರಿಯಿರಿ, ಯಾಕೆಂದರೆ ಒಟ್ಟಿಗೆ ಹಾಕಿದರೆ ಒಂದು ಸೀದು ಹೋಗುತ್ತದೆ, ಇನ್ನೊಂದು ಹಸಿ ಉಳಿಯುತ್ತದೆ. ಪುಟಾಣಿ ಮೊದಲೇ ಹುರಿದದ್ದು, ಸ್ವಲ್ಪ ಬೆಚ್ಚಗೆ ಮಾಡಿದರೆ ಸಾಕು. ಶೇಂಗಾದ ಸಿಪ್ಪೆ ತೆಗೆದು, ಬೂಸು ಹಿಡಿದ, ಕಪ್ಪಾದ, ಕಹಿ ಬಂದ ಬೀಜ ಒಂದೂ ಇಲ್ಲದಂತೆ ಆರಿಸಿ. ಆ ಬೂಸಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಅದು ಲಿವರಿಗೆ ಕೆಟ್ಟದ್ದು. ನಂತರ ನುಣ್ಣಗೆ ಬೀಸಿಸಿ, ಒಣ ಡಬ್ಬಿಯಲ್ಲಿ ಹಾಕಿಡಿ. ಒಂದು ಸಲಕ್ಕೆ ಹತ್ತು ಹದಿನೈದು ದಿನಕ್ಕಾಗುವಷ್ಟೇ ಮಾಡಿ, ಶೇಂಗಾ ಇರುವುದರಿಂದ ಜಾಸ್ತಿ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ.

ಅತ್ತೆಯವರು ಮಾಡಬೇಕಾದದ್ದು ಇಷ್ಟೇ: ಕುದಿಯುವ ನೀರಿಗೆ ಅಥವಾ ಹಾಲಿಗೆ ಈ ಹಿಟ್ಟು ಮೂರು ನಾಲ್ಕು ದೊಡ್ಡ ಚಮಚ ಹಾಕಿ ಎರಡು ನಿಮಿಷ ತಿರುವಿ, ಬೆಲ್ಲ ಹಾಕಿ, ಮೇಲೆ ಒಂದು ಸಣ್ಣ ಚಮಚ ತುಪ್ಪವೋ ಶೇಂಗಾ ಎಣ್ಣೆಯೋ ಕುಸುಬಿ ಎಣ್ಣೆಯೋ ಹಾಕುವುದು. ಆ ಒಂದು ಚಮಚ ಎಣ್ಣೆಯೇ 40 ಕ್ಯಾಲೊರಿಗಿಂತ ಜಾಸ್ತಿ. ಕೂಸಿಗೆ ಎಣ್ಣೆ ಜಡ ಅಂತ ಹೆದರುವವರು ಬಹಳ. ಹೆದರಬೇಡಿ, ಸಣ್ಣ ಹೊಟ್ಟೆಗೆ ಜಾಗ ತಿನ್ನದೆ ಬಲ ಕೊಡುವುದು ಅದೊಂದೇ.

ಅಂಗನವಾಡಿಯಿಂದ ಮನೆಗೆ ಕೊಡುವ ಹಿಟ್ಟೂ ಇದೇ ಕೆಲಸಕ್ಕೆ ಇರುವುದು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪೌಷ್ಟಿಕ ರೇಷನ್ ಮನೆಗೆ ಬರಬೇಕು. ತೂಕ ತೀರಾ ಕಡಿಮೆ ಇದ್ದು ಕೆಂಪು ಗೆರೆಯಲ್ಲಿರುವ ಮಕ್ಕಳಿಗೆ ಅದಕ್ಕಿಂತ ಜಾಸ್ತಿ. ನಿಮ್ಮ ಮನೆಗೆ ಬರುತ್ತಿದೆಯಾ? ಬಂದರೆ ಯಾರು ತಿನ್ನುತ್ತಿದ್ದಾರೆ? ಬಹಳ ಮನೆಗಳಲ್ಲಿ ಅದು ಎಲ್ಲರ ಹಿಟ್ಟಿನ ಡಬ್ಬಿಗೆ ಸೇರಿ ರೊಟ್ಟಿಯಾಗುತ್ತದೆ, ಇಲ್ಲವೇ ಎಮ್ಮೆಗೆ ಹೋಗುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಇದು ಕೂಸಿಂದು ಅಂತ ಹೇಳಿಬಿಡಿ.

ಒಂದು ಎಚ್ಚರಿಕೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು ಕೂಸಿಗೆ ಒಳ್ಳೆಯದು, ಗಟ್ಟಿ ಗಂಜಿಯೂ ಮೆತ್ತಗಾಗಿ ನುಂಗಲು ಸುಲಭವಾಗುತ್ತದೆ. ಆದರೆ ರಾಗಿ, ಗೋಧಿ, ಹೆಸರು ಮೊಳಕೆ ಕಟ್ಟಿ. ಜೋಳವನ್ನು ಮೊಳಕೆ ಕಟ್ಟಬೇಡಿ. ಎಳೆ ಜೋಳದ ಬೆಳೆ ಮೇಯ್ದು ದನ ಸಾಯುವುದು ನಮ್ಮ ರೈತರಿಗೆ ಗೊತ್ತಿರುವ ಮಾತು, ಅದೇ ವಿಷ ಜೋಳದ ಮೊಳಕೆಯಲ್ಲೂ ಇರುತ್ತದೆ. ಬಲಿತ ಜೋಳದ ಕಾಳಿನಲ್ಲಿ ಆ ಭಯ ಇಲ್ಲ, ರೊಟ್ಟಿ, ನುಚ್ಚು ಧಾರಾಳವಾಗಿ ತಿನ್ನಿಸಿ.

ರೊಟ್ಟಿ ಅಂದದ್ದಕ್ಕೆ ಹೇಳುತ್ತೇನೆ, ಕೂಸಿಗೆ ಬೇರೆ ಅಡುಗೆ ಮಾಡಲೇಬೇಕು ಅಂತೇನಿಲ್ಲ. ಬಿಸಿ ರೊಟ್ಟಿ ಸಣ್ಣಗೆ ಮುರಿದು ಗಟ್ಟಿ ಬೇಳೆಯಲ್ಲಿ ನೆನೆಸಿ ಕಿವುಚಿ. ಖಾರ ಹಾಕುವ ಮೊದಲು ಕೂಸಿನ ಪಾಲು ಎತ್ತಿಡಬೇಕು, ನಮ್ಮ ಕಡೆ ಖಾರ ನಿಮಗೆ ಗೊತ್ತಲ್ಲ. ಪುಂಡಿ ಪಲ್ಯ, ಮೆಂತ್ಯ ಪಲ್ಯ ಬೇಳೆ ಜೊತೆ ಕುದಿಸಿದ್ದು ಒಂದೆರಡು ಚಮಚ. ಶೇಂಗಾ ಹಿಂಡಿ ಖಾರ ಇಲ್ಲದೆ ಸ್ವಲ್ಪ ಬೇರೆ ಕುಟ್ಟಿಟ್ಟು ಅನ್ನದ ಮೇಲೆ ಉದುರಿಸಿ. ಇಡೀ ಶೇಂಗಾ ಬೀಜ ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಮೊಸರು, ಬಾಳೆಹಣ್ಣು, ಪೇರಲ ಕಿವುಚಿದ್ದು, ಸಜ್ಜಕ, ಯಾವುದಾದರೂ ಆಗುತ್ತದೆ. ದಿನಕ್ಕೆ ಊಟ ಮೂರು ನಾಲ್ಕು ಸಲ, ಒಂದೊಂದು ಸಲಕ್ಕೆ ಮುಕ್ಕಾಲು ಬಟ್ಟಲಿನಿಂದ ಒಂದು ಬಟ್ಟಲು, ನಡುವೆ ಒಂದೆರಡು ಸಲ ಸಣ್ಣದೇನಾದರೂ. ಬೆಳಿಗ್ಗೆ ನೀವು ಹೊರಡುವ ಮೊದಲು ಹಾಲು ಕುಡಿಸಿ, ಒಂದು ಊಟ ನೀವೇ ಮಾಡಿಸಿ. ಸಂಜೆ ಬಂದ ಕೂಡಲೇ ಹಾಲು, ಆಮೇಲೆ ಒಂದು ಊಟ ನಿಮ್ಮ ಕೈಯಿಂದ. ರಾತ್ರಿ ಕೇಳಿದಷ್ಟು ಹಾಲು. ಅತ್ತೆಯವರ ಪಾಲಿಗೆ ಉಳಿಯುವುದು ಹತ್ತು ಗಂಟೆಯದು, ಮಧ್ಯಾಹ್ನದ್ದು, ನಾಲ್ಕು ಗಂಟೆಯದು. ಅಷ್ಟನ್ನು ಗೋಡೆಯ ಗಡಿಯಾರ ನೋಡಿ ಮಾಡಬಹುದು. ಕೂಸು ಅತ್ತಾಗ ಕೊಟ್ಟರಾಯಿತು ಅಂತ ಬಿಡಬೇಡಿ, ಸೊರಗಿದ ಮಕ್ಕಳು ಹಸಿದರೂ ಅಳುವುದಿಲ್ಲ, ಸುಮ್ನೆ ಮಲಗುತ್ತವೆ. ಒಳ್ಳೆ ಕೂಸು, ತಂಟೆನೇ ಇಲ್ಲ ಅಂತ ಮನೆಯವರು ಹೊಗಳುವಾಗ ನನಗೆ ಗಾಬರಿಯಾಗುವುದು ಅದಕ್ಕೇ.

ಮೊಟ್ಟೆ ಉಷ್ಣ ಅಲ್ಲ. ನಿಮ್ಮ ಮನೆಯಲ್ಲಿ ದೊಡ್ಡವರು ತಿನ್ನುತ್ತೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ, ಬೆಲೆ ಆರೇಳು ರೂಪಾಯಿ. ಗಟ್ಟಿಯಾಗಿ ಬೇಯಿಸಿ, ಮೊದಲ ಎರಡು ಮೂರು ದಿನ ಕಾಲು ಭಾಗ, ಆಮೇಲೆ ಅರ್ಧ, ಒಗ್ಗಿದರೆ ದಿನಕ್ಕೊಂದು. ಆ 400 ರೂಪಾಯಿಯ ಡಬ್ಬಿ ಇದೆಯಲ್ಲ, ಅದೇ ದುಡ್ಡಿಗೆ ಐವತ್ತಕ್ಕೂ ಜಾಸ್ತಿ ಮೊಟ್ಟೆ ಬರುತ್ತವೆ. ಡಬ್ಬಿ ಮುಗಿದರೆ ಮತ್ತೆ ತರಬೇಡಿ. ಮೊಟ್ಟೆ ತಿನ್ನದ ಮನೆಯಾದರೆ ಹಾಲು, ಮೊಸರು, ಬೇಳೆ, ಶೇಂಗಾ ಜಾಸ್ತಿ ಮಾಡಬೇಕು, ಅದರಲ್ಲೂ ತೂಕ ಬರುತ್ತದೆ. ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಗೃಹಲಕ್ಷ್ಮಿಯ 2000 ರೂಪಾಯಿ ಕೂಡು ಕುಟುಂಬದಲ್ಲಿ ಸಾಮಾನ್ಯವಾಗಿ ಅತ್ತೆಯವರ ಖಾತೆಗೆ ಬರುತ್ತದೆ. ಅದರಲ್ಲಿ ಇನ್ನೂರು ರೂಪಾಯಿ ಕೂಸಿನ ಮೊಟ್ಟೆಗೆ ಅಂತ ಅವರನ್ನೇ ಕೇಳಿ. ಮೊಮ್ಮಗಳಿಗೆ ಅಂದರೆ ಯಾವ ಅಜ್ಜಿಯೂ ಇಲ್ಲ ಅನ್ನುವುದಿಲ್ಲ, ಆದರೆ ಮೊಟ್ಟೆ ತಿಂದರೆ ಏನೂ ಆಗುವುದಿಲ್ಲ ಅಂತ ಅವರಿಗೆ ಧೈರ್ಯ ಬರಬೇಕು. ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಸಿ ಅವರ ಎದುರಿಗೇ ಹೇಳಿಸಿ. ಸೊಸೆ ಹೇಳಿದರೆ ವಾದವಾಗುತ್ತದೆ, ಆಶಾ ಹೇಳಿದರೆ ಸಲಹೆಯಾಗುತ್ತದೆ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ ಅಂತಲೂ ಕೇಳಿ. ರಾಜ್ಯದಲ್ಲಿ 4000 ಪಂಚಾಯಿತಿಗಳಲ್ಲಿ ಅಂತ ಹೇಳಿ ಶುರುವಾದ ಯೋಜನೆ ಅದು, ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ನೋಡಿಕೊಳ್ಳಲು. ಇದ್ದರೆ ಅತ್ತೆಯವರಿಗೂ ಅರ್ಧ ದಿನ ಬಿಡುವು ಸಿಗುತ್ತದೆ.

ಈಗ ನಿಮ್ಮ ವಿಷಯ. ಹಾಲುಣಿಸುವ ತಾಯಿಗೆ 8.6 ಅಂದರೆ ಮಧ್ಯಮ ರಕ್ತಹೀನತೆ. 12 ಇರಬೇಕು. ನೀವೊಬ್ಬರೇ ಅಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಶೇಕಡಾ ಜನರಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ಮಕ್ಕಳಿಗೆ ರಕ್ತ ಕಡಿಮೆ ಇತ್ತು. ಎಲ್ಲರಿಗೂ ಇದೆ ಅಂತ ಸುಮ್ನಿರುವ ಮಾತಲ್ಲ ಇದು. ಬಿಸಿಲಲ್ಲಿ ಬಗ್ಗಿ ಹತ್ತಿ ಬಿಡಿಸುವವರಿಗೆ ಇಷ್ಟು ರಕ್ತದಲ್ಲಿ ತಲೆ ತಿರುಗುವುದು, ಎದೆ ಹೊಡೆದುಕೊಳ್ಳುವುದು, ಸಂಜೆ ಕೂಸನ್ನು ಎತ್ತಿಕೊಳ್ಳಲೂ ಆಗದಷ್ಟು ಸುಸ್ತಾಗುವುದು ಸಹಜ. ಆ ಸುಸ್ತಿನಲ್ಲಿ ಒಂದು ಗಂಟೆ ಕೂತು ಕೂಸಿಗೆ ತಾಳ್ಮೆಯಿಂದ ತಿನ್ನಿಸು ಅಂದರೆ ಯಾರಿಗೆ ಆಗುತ್ತದೆ? ನಿಮ್ಮ ರಕ್ತ ಏರದೆ ಕೂಸಿನ ತೂಕ ಏರುವುದು ಕಷ್ಟ.

ಗುಳಿಗೆ ಮತ್ತೆ ಶುರು ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದು ಸಾಕು, ದುಬಾರಿ ಟಾನಿಕ್ ಬೇಡ. ನಿಮ್ಮಷ್ಟು ಕಡಿಮೆ ಇರುವವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಕೊಡುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ ಅವರು ಹೇಳಿದಷ್ಟು ತೆಗೆದುಕೊಳ್ಳಿ. ಹೊಟ್ಟೆ ಉರಿಯುವುದು ಬಹಳ ಸಲ ಖಾಲಿ ಹೊಟ್ಟೆಯಲ್ಲಿ ನುಂಗುವುದರಿಂದ. ಮೊದಲ ವಾರ ರಾತ್ರಿ ಊಟದ ನಂತರ ಒಂದೇ ನುಂಗಿ, ಆಮೇಲೆ ಎರಡಕ್ಕೆ ಹೋಗಬಹುದಾ ಅಂತ ಡಾಕ್ಟರನ್ನೇ ಕೇಳಿ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಚಹಾ ಕುಡಿಯುವ ಮೊದಲು, ಕುಡಿದ ಮೇಲೆ ಒಂದು ಗಂಟೆ ಗುಳಿಗೆಯೂ ಬೇಡ, ಊಟವೂ ಬೇಡ. ಹೊಲದಲ್ಲಿ ರೊಟ್ಟಿ ಉಂಡ ಕೂಡಲೇ ಚಹಾ ಕುಡಿಯುವ ರೂಢಿ ಇದ್ದರೆ ಅದನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ. ಕ್ಯಾಲ್ಸಿಯಂ ಗುಳಿಗೆ ಕೊಟ್ಟಿದ್ದರೆ ಅದನ್ನು ಬೇರೆ ಹೊತ್ತಿಗೆ ನುಂಗಿ. ಊಟಕ್ಕೆ ನಿಂಬೆ ಹಿಂಡಿಕೊಳ್ಳಿ. ಹುಳುವಿನ ಗುಳಿಗೆ ತೆಗೆದುಕೊಂಡು ಆರು ತಿಂಗಳ ಮೇಲಾಗಿದ್ದರೆ ಅದನ್ನೂ ಕೇಳಿ, ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರಿಗೆ ಕೊಕ್ಕೆ ಹುಳ ಅಂಟುತ್ತದೆ, ಅದು ರಕ್ತ ಹೀರುತ್ತದೆ.

ಬೀಟ್‌ರೂಟ್, ದಾಳಿಂಬೆ, ಖರ್ಜೂರ ತಿಂದರೆ ರಕ್ತ ಆಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ತಿನ್ನಿ, ಆದರೆ ಗುಳಿಗೆ ಬಿಟ್ಟು ಅದನ್ನು ನಂಬಿ ಕೂರಬೇಡಿ. 8.6 ಇರುವವರಿಗೆ ಊಟದಿಂದ ಮಾತ್ರ 12ಕ್ಕೆ ಬರುವುದು ಆಗದ ಮಾತು. ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದೇ ಸ್ವಲ್ಪ.

ಊಟದ ವಿಷಯದಲ್ಲಿ ಒಂದು ಮಾತು ನೇರವಾಗಿ ಕೇಳುತ್ತೇನೆ. ನೀವು ಮನೆಯಲ್ಲಿ ಉಣ್ಣುವುದು ಎಷ್ಟನೆಯವರಾಗಿ? ಕೊನೆಯಲ್ಲಿ ಅಲ್ವಾ? ಗಡಿಗೆಯಲ್ಲಿ ಆಗ ಉಳಿದಿರುವುದು ಸಾರಿನ ತಿಳಿ, ಎರಡು ಆರಿದ ರೊಟ್ಟಿ. ಕೂಸಿಗೆ ಬೇಳೆ ನೀರು ಸಿಗುವ ಮನೆಯಲ್ಲಿ ತಾಯಿಗೂ ಬೇಳೆ ನೀರೇ ಸಿಗುತ್ತಿರುತ್ತದೆ. ಬೇಳೆ ಕುದ್ದ ಕೂಡಲೇ, ಯಾರೂ ಉಣ್ಣುವ ಮೊದಲು, ಒಂದು ಬಟ್ಟಲು ಗಟ್ಟಿ ಬೇಳೆ ನಿಮಗೆ, ಒಂದು ಕೂಸಿಗೆ ಎತ್ತಿಡಿ. ಹಾಲುಣಿಸುವವರಿಗೆ ಉಳಿದವರಿಗಿಂತ ಒಂದು ಊಟದಷ್ಟು ಜಾಸ್ತಿ ಬೇಕು, ಕಡಿಮೆಯಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊಲಕ್ಕೆ ಹೋಗಬೇಡಿ. ಬುತ್ತಿಯಲ್ಲಿ ರೊಟ್ಟಿ, ಉಳ್ಳಾಗಡ್ಡಿ ಜೊತೆ ಶೇಂಗಾ ಹಿಂಡಿ ಒಂದು ಮುಷ್ಟಿ ಇರಲಿ, ಬೇಯಿಸಿದ ಮೊಟ್ಟೆ ನಿಮಗೂ ಒಂದು ಇರಲಿ. ಮನೆಯವರಿಗೆ ಪುಣೆಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿ. ಕೂಸಿನ ತೂಕ ತಾಯಿಯೊಬ್ಬಳ ಜವಾಬ್ದಾರಿ ಅಲ್ಲ, ಅವರು ಊರಿಗೆ ಬಂದಾಗ ಒಂದು ಹೊತ್ತು ಅವರೂ ತಿನ್ನಿಸಲಿ.

ಅಂಗನವಾಡಿಯ ಮಾತೃಪೂರ್ಣ ಊಟ ಹೆರಿಗೆಯಾಗಿ ಆರು ತಿಂಗಳವರೆಗೆ ಮಾತ್ರ, ಹಾಗಾಗಿ ಅದು ಈಗ ನಿಮಗೆ ಸಿಗುವುದಿಲ್ಲ. ಕೂಸಿಗೆ ಸಿಗಬೇಕಾದ್ದನ್ನು ಬಿಡಬೇಡಿ: ವಾರಕ್ಕೆ ಎರಡು ಸಲ ಒಂದು ಮಿಲಿ ಕಬ್ಬಿಣದ ಸಿರಪ್, ವರ್ಷಕ್ಕೆ ಎರಡು ಸಲ ಹುಳುವಿನ ಔಷಧಿ (ಈ ವಯಸ್ಸಿಗೆ ಅರ್ಧ ಗುಳಿಗೆ, ಪುಡಿ ಮಾಡಿ), ಬಾಕಿ ಇರುವ ಚುಚ್ಚುಮದ್ದು, ವಿಟಮಿನ್ ಎ ಹನಿ. ಭೇದಿ ಬಂದರೆ ಓಆರ್‌ಎಸ್ ಜೊತೆ ಝಿಂಕ್ ಗುಳಿಗೆ 14 ದಿನ, ಭೇದಿ ನಿಂತರೂ ಪೂರ್ತಿ ಕೊಡಬೇಕು. ಆಗ ಊಟ ನಿಲ್ಲಿಸಬೇಡಿ, ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ ಕೊಡಿ.

ಈಗ ತೂಕದ ಗುರಿ. 14 ತಿಂಗಳ ಹೆಣ್ಣು ಮಗುವಿನ ಸರಾಸರಿ ತೂಕ 9.4 ಕೆಜಿ. 7.4ಕ್ಕಿಂತ ಕೆಳಗೆ ಹೋದರೆ ಹಳದಿ, 6.6ಕ್ಕಿಂತ ಕೆಳಗೆ ಕೆಂಪು. ನಿಮ್ಮ ಮಗಳು ಹಳದಿಯ ಮೇಲಿನ ಭಾಗದಲ್ಲೇ ಇದ್ದಾಳೆ, ಈಗ ಹಿಡಿದರೆ ಮನೆಯಲ್ಲೇ ಸರಿಹೋಗುತ್ತದೆ. ತಿಂಗಳಿಗೆ ಕಡಿಮೆ ಅಂದರೂ 200 ಗ್ರಾಂ ಏರಬೇಕು, ಚೆನ್ನಾಗಿ ತಿಂದರೆ ಅದಕ್ಕಿಂತ ಜಾಸ್ತಿಯೇ ಏರುತ್ತದೆ. ಎರಡು ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ತೋಳಿನ ಪಟ್ಟಿಯನ್ನೂ ಸುತ್ತಿಸಿ, 12.5 ಸೆಂಟಿಮೀಟರಿಗಿಂತ ಜಾಸ್ತಿ ಇರಬೇಕು.

ತೋಳು 11.5ಕ್ಕಿಂತ ಕಡಿಮೆ ಬಂದರೆ, ಎರಡೂ ಪಾದ ಊದಿದರೆ, ಕೂಸು ಊಟವನ್ನೇ ಬಿಟ್ಟರೆ, ಮಂಕಾಗಿ ಬಿದ್ದುಕೊಂಡರೆ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಿ. ಸುಮಾರು 14 ದಿನ ಕೂಸಿನ ಜೊತೆ ನೀವೂ ಇರಬೇಕಾಗುತ್ತದೆ. ಊಟ, ಔಷಧಿ ಅಲ್ಲೇ. ಕೂಲಿ ಹೋಗುತ್ತದಲ್ಲ ಅಂತ ಅರ್ಧಕ್ಕೆ ಎದ್ದು ಬರುವ ತಾಯಂದಿರು ಇದ್ದಾರೆ. ಅಲ್ಲಿರುವ ತಾಯಿಗೆ ದಿನಗೂಲಿ ನಷ್ಟಕ್ಕೆ ಭತ್ಯೆ ಇದೆ, ಸೇರುವಾಗಲೇ ಕೇಳಿ ಬರೆಸಿಕೊಳ್ಳಿ.

ಮೇಲೆ ಹೇಳಿದ್ದನ್ನೆಲ್ಲ ಒಂದು ತಿಂಗಳು ಸರಿಯಾಗಿ ಮಾಡಿಯೂ ತೂಕ ಅಲ್ಲಾಡದಿದ್ದರೆ ಊಟದ ಆಚೆಗೆ ಏನೋ ಇದೆ ಅಂತ ಅರ್ಥ, ಮಕ್ಕಳ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಕ್ಷಯ, ಎರಡನ್ನೂ ನೋಡಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ, ಪುಣೆಯಿಂದ ಬಂದು ಹೋಗುವವರಿಗೂ ಸೇರಿ, ಕಫ ಪರೀಕ್ಷೆ ಮಾಡಿಸಿ ಅಂತ ಈಗಲೇ ಹೇಳುತ್ತೇನೆ. ನಿಮ್ಮ ರಕ್ತವೂ ಒಂದು ತಿಂಗಳ ಗುಳಿಗೆಗೆ ಒಂದು ಅಂಕಿಯಷ್ಟು ಏರಬೇಕು, ಅಂದರೆ 9.6ರ ಸುತ್ತಮುತ್ತ. ಏರದಿದ್ದರೆ ಬರೀ ಕಬ್ಬಿಣದ ಕೊರತೆಯಾ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ, ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ತರಹದ್ದು ಏನಾದರೂ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಗುಳಿಗೆ 12 ಬಂದ ದಿನವೇ ನಿಲ್ಲಿಸಬೇಡಿ, ಎಷ್ಟು ದಿನ ಮುಂದುವರಿಸಬೇಕು ಅಂತ ಡಾಕ್ಟರನ್ನು ಕೇಳಿ. ಒಂದು ತಿಂಗಳಾದ ಮೇಲೆ ಕೂಸಿನ ತೂಕ, ನಿಮ್ಮ ರಕ್ತದ ಅಂಕಿ ಎರಡೂ ಬರೆದು ಕಳಿಸಿ. ಮಧ್ಯಾಹ್ನದ ಊಟ ಯಾವ ಹೊತ್ತಿಗೆ ಆಗುತ್ತಿದೆ, ಎಷ್ಟು ತಿನ್ನುತ್ತಾಳೆ ಅಂತ ಅತ್ತೆಯವರನ್ನು ಕೇಳಿ ಅದನ್ನೂ ಬರೆಯಿರಿ.